ಮನೆಯಲ್ಲೇ ಜೋಡಿಸುವ ಗಣಕಯಂತ್ರ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ ಹುಲಗೂರು ಎಂಬ ಊರುಂಟು. ಶಿಶುನಾಳ ಶರೀಫರ ಜೀವನಕಥೆಯನ್ನು ಓದಿದವರಿಗೆ ಆ ಊರಿನ ದರ್ಗಾದ ಹೆಸರು ಪರಿಚಿತವಾಗಿರಬಹುದು. ಅಲ್ಲಿಂದ ಕಾಲೇಜಿಗೆ ಹೋಗಿಬರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಗೋವಿನಜೋಳ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಮನೆಯವರು ಆಕೆಯ ಗಣಕಯಂತ್ರಕ್ಕೆಂದು ತೆಗೆದಿರಿಸಿದ್ದಾರೆ. ಇಷ್ಟೇ ಹಣ ಮತ್ತೊಮ್ಮೆ ಕೈಗೆ ಬರಬೇಕಾದರೆ ಮತ್ತೊಂದು ಸುಗ್ಗಿ ಬರಬೇಕು. ಸಿದ್ಧಪಡಿಸಿದ ಯಂತ್ರವನ್ನು ಕೊಳ್ಳುವ ಬದಲು ಬಿಡಿಭಾಗಗಳನ್ನು ತಂದು ತಾನೇ ಜೋಡಿಸಬೇಕೆಂದು ಆಕೆಯ ಇಚ್ಛೆ. ಯಾವ ಭಾಗಕ್ಕೆ ಧಾರಾಳವಾಗಿ ಖರ್ಚು ಮಾಡಬೇಕು, ಯಾವುದರಲ್ಲಿ ಕೈ ಬಿಗಿಹಿಡಿಯಬಹುದು?

ಬೇರೆ ಬೇರೆ ದೇಶಗಳ ಕಾರ್ಖಾನೆಗಳಲ್ಲಿ ತಯಾರಾದ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವುದಾದರೂ ಹೇಗೆ ಎಂಬ ಸಂದೇಹ ಮೊದಲು ಬರುವುದು ಸಹಜ. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ಒಳರಚನೆಯ ವಿವರಗಳನ್ನು ಪ್ರಕಟಿಸಿತು. ಅದಕ್ಕೆ ಒಪ್ಪುವ ಭಾಗಗಳನ್ನು ಇತರರೂ ತಯಾರಿಸತೊಡಗಿದರು. 1995ರಲ್ಲಿ ಇಂಟೆಲ್ ಸಂಸ್ಥೆಯು ಎ.ಟಿ.ಎಕ್ಸ್. ಎಂಬ ಮಾನಕವನ್ನು ಮುಂದಿಟ್ಟಿತು. ಮದರ್‌ಬೋರ್ಡಿನ ಅಳತೆ, ಅದರ ತಿರುಪುಗಳ ರಂಧ್ರಗಳು ಎಲ್ಲೆಲ್ಲಿರಬೇಕು, ವಿದ್ಯುತ್ತನ್ನು ಒದಗಿಸುವ ತಂತಿಗಳ ಕ್ರಮವೇನು ಎಂಬುದೆಲ್ಲ ಅದರಲ್ಲಿ ನಿಗದಿಯಾಯಿತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಕೊಂಡ ಬೋರ್ಡು ಹುಬ್ಬಳ್ಳಿಯಲ್ಲಿ ಕೊಂಡ ಕ್ಯಾಬಿನೆಟ್ಟಿನಲ್ಲಿ ಸರಿಯಾಗಿ ಕೂರುವುದು ಈ ಮಾನಕದ ಫಲವೇ.

ಇನ್ನು ಆಯ್ಕೆಯ ವಿಚಾರ. ಅಂಗಡಿಗೆ ಹೋದೊಡನೆ ‘ಯಾವ ಪ್ರೊಸೆಸರ್ ಬೇಕು?’ ಎಂಬ ಪ್ರಶ್ನೆ ಎದುರಾಗುವುದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದುದು, ಯಂತ್ರದಿಂದ ಯಾವ ಕೆಲಸವಾಗಬೇಕು ಎಂಬುದನ್ನು. ಅಗ್ಗದ ಗಣಕವೊಂದನ್ನು ರೂಪಿಸಲು ನಮ್ಮ ರಾಜ್ಯದಲ್ಲಿಯೇ ಹಿಂದೆ ಒಂದು ಪ್ರಯತ್ನ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ ನಿರ್ಮಿಸಿದ ‘ಸಿಂಪ್ಯೂಟರ್’ ಎಂಬ ಆ ಕೈಯಂತ್ರದ ಮಾದರಿ 2001ರಲ್ಲಿ ಪ್ರದರ್ಶಿತವಾಯಿತು. 2004ರಲ್ಲಿ ಅದು ಮಾರುಕಟ್ಟೆಗೂ ಬಂದಿತು. ಅದಕ್ಕೆ ಕೀಲಿಮಣೆಯನ್ನು ಕೊಡಲಿಲ್ಲ. ಪರದೆಯನ್ನೇ ಕಡ್ಡಿಯಿಂದ ಮುಟ್ಟಬೇಕಾಗಿತ್ತು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್‌ಕಾರ್ಡಿನ ಸೀಳೊಂದನ್ನು ಮಾತ್ರ ಮರೆಯದೆ ಇಟ್ಟರು. ವ್ಯಾಪಾರದಲ್ಲಿ ಅದು ಹೆಚ್ಚು ಗೆಲ್ಲಲಿಲ್ಲವಾದರೂ, ಕೆಲಸವನ್ನು ನೋಡಿ ಭಾಗಗಳನ್ನು ಆರಿಸಿದ ಆ ಕ್ರಮ ಸರಿಯಾದುದೇ.

ನಮ್ಮ ವಿದ್ಯಾರ್ಥಿನಿಗೆ ಕನ್ನಡ, ಇಂಗ್ಲಿಷುಗಳಲ್ಲಿ ಬರೆಯಬೇಕು. ಪಾಠಗಳ ಚಲಚ್ಚಿತ್ರಗಳನ್ನು ನೋಡಬೇಕು. ಪ್ರೋಗ್ರಾಂ ರಚನೆಯನ್ನು ಕಲಿಯಬೇಕು. ಇಂತಹ ಕೆಲಸದಲ್ಲಿ ಯಂತ್ರವು ‘ನಿಧಾನ’ವೆಂದು ತೋರುವುದು ಬಹುತೇಕ ಪ್ರೊಸೆಸರಿನ ದೋಷದಿಂದಲ್ಲ, ಅದಕ್ಕೆ ಬೇಕಾದ ಮಾಹಿತಿ ಬಂದು ಮುಟ್ಟುವುದು ತಡವಾಗುವುದರಿಂದ. ಸೆಕೆಂಡಿಗೆ 400 ಕೋಟಿ ಸಲ ಮಿಡಿಯುವ, ಎಂದರೆ 4 ಗಿಗಾಹರ್ಟ್ಸ್ ವೇಗದ ಪ್ರೊಸೆಸರು ತನ್ನ ಮುಖ್ಯ ಸ್ಮೃತಿಯಾದ ರ್‍ಯಾಮಿನಿಂದ ಒಂದು ಮಾಹಿತಿಯನ್ನು ತರಿಸಿಕೊಳ್ಳಲು ಸುಮಾರು 100 ನ್ಯಾನೋಸೆಕೆಂಡು ಹಿಡಿಯುವುದು. ಅದೇ ಮಾಹಿತಿ ಎಸ್.ಎಸ್.ಡಿ.ಯಲ್ಲಿದ್ದರೆ ಸುಮಾರು 100 ಮೈಕ್ರೋಸೆಕೆಂಡು ಬೇಕು. ಹಳೆಯ ಬಗೆಯ ಹಾರ್ಡ್‌ಡಿಸ್ಕಿನಲ್ಲಿ ಲೋಹಲೇಪಿತ ತಟ್ಟೆಯು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುವುದು. ಬೇಕಾದ ಜಾಗವು ಮುಳ್ಳಿನ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಎಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲ ಹಿಡಿಯುವುದು. ಮುಳ್ಳು ಸರಿಯಾದ ಪಥಕ್ಕೆ ಸರಿಯುವ ಹೊತ್ತನ್ನೂ ಕೂಡಿಸಿದರೆ ಒಟ್ಟು 12 ಮಿಲಿಸೆಕೆಂಡಿನಷ್ಟಾಗುವುದು.

ಇಷ್ಟು ಸಣ್ಣ ಕಾಲಗಳು ಮನಸ್ಸಿಗೆ ಹಿಡಿಸುವುದಿಲ್ಲ. ಆದುದರಿಂದ ಅವನ್ನೆಲ್ಲ ಒಂದು ಕೋಟಿ ಪಟ್ಟು ಹಿಗ್ಗಿಸೋಣ. ಆಗ ರ್‍ಯಾಮಿನಿಂದ ಮಾಹಿತಿ ಬರುವುದು ಒಂದು ಸೆಕೆಂಡಿನಲ್ಲಿ: ಮೇಜಿನ ಮೇಲಿರುವ ಪುಸ್ತಕವನ್ನು ಎಳೆದುಕೊಂಡಂತೆ. ಎಸ್.ಎಸ್.ಡಿ.ಯಿಂದ ಬರುವುದು ಹದಿನೇಳು ನಿಮಿಷಗಳಲ್ಲಿ: ಓಣಿಯಾಚೆಯ ಗೆಳತಿಯ ಮನೆಯಿಂದ ತಂದಂತೆ. ಹಾರ್ಡ್‌ಡಿಸ್ಕಿನಿಂದ ಬರಬೇಕಾದರೆ ಮೂವತ್ತಮೂರು ಗಂಟೆ! ಹುಲಗೂರಿನಿಂದ ಬೆಂಗಳೂರಿಗೆ ಹೋಗಿ, ಪುಸ್ತಕ ಕೊಂಡು, ಒಂದು ರಾತ್ರಿ ತಂಗಿ ಹಿಂತಿರುಗಬಹುದಾದ ಹೊತ್ತು ಅದು. ಹಾರ್ಡ್‌ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿದೊಡನೆ ಹಳೆಯ ಯಂತ್ರವೂ ಚುರುಕಾಗುವುದರ ಗುಟ್ಟು ಇಲ್ಲಿದೆ. ಹೊಸ ಯಂತ್ರಕ್ಕಂತೂ ಎಸ್.ಎಸ್.ಡಿ. ಇರಲೇಬೇಕು, ಹಾರ್ಡ್‌ಡಿಸ್ಕು ದೊಡ್ಡ ಕಡತಗಳನ್ನು ಕೂಡಿಡುವ ಕಣಜವಾಗಿ ಮುಂದೆಂದಾದರೂ ಬರಲಿ.

ರ್‍ಯಾಮ್ ತುಂಬಿಹೋದರೆ ಯಂತ್ರವು ಹೆಚ್ಚಾದುದನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರಿಸಿಕೊಳ್ಳುವುದು. ಮೇಜು ಚಿಕ್ಕದಾದರೆ ಪದೇ ಪದೇ ಓಣಿಯಾಚೆಗೆ ಓಡಾಡಬೇಕಾಗುವಂತೆ ಇದು. ಆದುದರಿಂದ 8 ಗಿಗಾಬೈಟು ಕನಿಷ್ಠ. 16 ಇದ್ದರೆ ಹಲವು ವರ್ಷ ನಿಶ್ಚಿಂತೆ. ಆ 16ನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8ರ ಎರಡು ಪಟ್ಟಿಗಳಾಗಿ ಕೊಳ್ಳುವುದರಲ್ಲಿ ಒಂದು ಲಾಭವುಂಟು. ಡಿ.ಡಿ.ಆರ್.4-3200 ಎಂಬ ಜಾತಿಯ ಪಟ್ಟಿಯೊಂದು ಸೆಕೆಂಡಿಗೆ 320 ಕೋಟಿ ಸಲ, ಸಲಕ್ಕೆ 8 ಬೈಟಿನಂತೆ, ಒಟ್ಟು 25.6 ಗಿಗಾಬೈಟುಗಳನ್ನು ಸಾಗಿಸಬಲ್ಲುದು. ಎರಡು ಪಟ್ಟಿಗಳು ಎರಡು ಹಾದಿಗಳಲ್ಲಿ ದುಡಿದರೆ ಇದು ಇಮ್ಮಡಿಯಾಗುವುದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇಲ್ಲದ ಯಂತ್ರದಲ್ಲಿ ಚಿತ್ರಗಳನ್ನು ರಚಿಸುವ ಭಾಗವೂ ಇದೇ ರ್‍ಯಾಮನ್ನು ಬಳಸುವುದರಿಂದ ಅಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವುದು.

ಪ್ರೊಸೆಸರಿನಲ್ಲಿ ನೋಡಬೇಕಾದುದು ಇದನ್ನೇ: ಅದರೊಳಗೆ ಗ್ರಾಫಿಕ್ಸ್ ಭಾಗ ಇದೆಯೋ ಇಲ್ಲವೋ? ಇಂಟೆಲ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ ‘ಎಫ್’ ಎಂಬ ಅಕ್ಷರವಿದ್ದರೆ ಆ ಭಾಗ ಇಲ್ಲವೆಂದು ಅರ್ಥ. ಬೆಲೆ ತುಸು ಕಡಿಮೆಯೆಂದು ಅದನ್ನು ತಂದವರು ಪರದೆಯ ಮೇಲೆ ಏನೂ ಮೂಡದೆ, ಕಾರ್ಡು ಕೊಳ್ಳಲು ಮತ್ತೆ ಪೇಟೆಗೆ ಹೋಗಬೇಕಾಗುವುದು. ಎರಡನೆಯ ಎಡವು ಮದರ್‌ಬೋರ್ಡಿನಲ್ಲಿ. ಎ.ಎಂ.ಡಿ. ಸಂಸ್ಥೆಯ ಎ.ಎಂ.4 ಸಾಕೆಟ್ಟಿನ ಬೋರ್ಡುಗಳಿಗೆ ಡಿ.ಡಿ.ಆರ್.4 ಪಟ್ಟಿ ಬೇಕು. 2022ರಲ್ಲಿ ಬಂದ ಎ.ಎಂ.5ಕ್ಕೆ ಡಿ.ಡಿ.ಆರ್.5 ಮಾತ್ರ. ಎರಡೂ ಪಟ್ಟಿಗಳಲ್ಲಿ 288 ಸಂಪರ್ಕಗಳೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದು ಕೂರದು. ಬಣ್ಣಬಣ್ಣದ ದೀಪಗಳುಳ್ಳ ಫ್ಯಾನುಗಳೂ ಗಾಜಿನ ಪೆಟ್ಟಿಗೆಗಳೂ ನೋಡಲು ಸೊಗಸಾಗಿವೆ. ಲೆಕ್ಕದ ವೇಗಕ್ಕೆ ಅವು ಎಳ್ಳಷ್ಟೂ ನೆರವಾಗವು.

ಬೆಲೆಗಳನ್ನು ಇಲ್ಲಿ ಬರೆಯದಿರುವುದಕ್ಕೆ ಕಾರಣವುಂಟು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಜಗತ್ತಿನಾದ್ಯಂತ ಥಟ್ಟನೆ ಏರಿತು. ಕೃತಕ ಬುದ್ಧಿಯ ಬೃಹತ್ ಗಣಕಕೇಂದ್ರಗಳು ಸ್ಮೃತಿಯ ಚಿಪ್ಪುಗಳನ್ನು ಅಪಾರವಾಗಿ ಕೊಳ್ಳತೊಡಗಿದುದೇ ಅದಕ್ಕೆ ಮುಖ್ಯ ಕಾರಣ. ಇಂತಹ ಕಾಲದಲ್ಲಿ ಈಗ 8ರ ಒಂದು ಪಟ್ಟಿಯನ್ನು ಕೊಂಡು, ಇನ್ನೊಂದು ಸ್ಥಾನವನ್ನು ಖಾಲಿ ಬಿಟ್ಟುಕೊಳ್ಳುವುದೂ ಜಾಣತನವೇ.

ಈಗ ನಮ್ಮ ಲೇಖನದ ಮುಖ್ಯ ಭಾಗಕ್ಕೆ ಬರೋಣ. ಯಾರೂ ಅಷ್ಟಾಗಿ ಲಕ್ಷ್ಯ ಕೊಡದ ವಸ್ತುವೆಂದರೆ ಎಸ್.ಎಂ.ಪಿ.ಎಸ್. ಎಂದು ಕರೆಯುವ ವಿದ್ಯುತ್ ಪೆಟ್ಟಿಗೆ. ಮನೆಗೆ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಇದು 12, 5, 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಪರಿವರ್ತಿಸುವುದು. ಅಗ್ಗದ ಕ್ಯಾಬಿನೆಟ್ಟಿನೊಡನೆ ಇದನ್ನು ‘ಪುಕ್ಕಟೆ’ಯಾಗಿ ಕೊಡುವುದುಂಟು, ಮೇಲೆ 450 ವಾಟ್ ಎಂದು ದಪ್ಪಕ್ಷರಗಳಲ್ಲಿ ಬರೆದಿರುವುದೂ ಉಂಟು. ಆ ದೊಡ್ಡ ಅಂಕಿಯನ್ನು ಬಿಟ್ಟು, ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಎದುರಿಗೆ ಎಷ್ಟು ಆಂಪಿಯರ್ ಎಂದಿದೆ ನೋಡಬೇಕು. 14 ಆಂಪಿಯರ್ ಎಂದಿದ್ದರೆ, ವಿದ್ಯಾರ್ಥಿಗಳು ಶಾಲೆಯಲ್ಲಿ ಕಲಿತ ಗುಣಾಕಾರದಂತೆ 12 × 14 = 168 ವಾಟ್ ಮಾತ್ರ. ಈ ಕಾಲದ ಪ್ರೊಸೆಸರೂ ಕಾರ್ಡೂ ಶಕ್ತಿಯ ಬಹುಪಾಲನ್ನು ಈ 12 ವೋಲ್ಟಿನಿಂದಲೇ ಪಡೆಯುವುದರಿಂದ ಆ ಪೆಟ್ಟಿಗೆಯ ನಿಜವಾದ ಬಲ ಅಷ್ಟೇ. ಪ್ರಾಮಾಣಿಕವಾದ 450 ವಾಟಿನ ಪೆಟ್ಟಿಗೆಯಲ್ಲಿ ಅಲ್ಲಿ 30 ಆಂಪಿಯರಿಗೂ ಮಿಕ್ಕಿದ ಅಂಕಿ ಇರುವುದು.

ವೋಲ್ಟೇಜು ಇಳಿಯುವುದು, ವಿದ್ಯುತ್ತು ಕಣ್ಣು ಮಿಟುಕಿಸಿದಂತೆ ಹೋಗಿ ಬರುವುದು ಹಳ್ಳಿಗಾಡಿನವರಿಗೆ ಹೊಸತಲ್ಲ. ಆ ಅರೆಕ್ಷಣ ಯಂತ್ರವನ್ನು ಬದುಕಿಸುವುದು ಪೆಟ್ಟಿಗೆಯೊಳಗಿನ ಒಂದು ದಪ್ಪ ಧಾರಕ, ಅಂದರೆ ಕೆಪ್ಯಾಸಿಟರ್. ಧಾರಕದಲ್ಲಿ ಕೂಡಿರುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದೆಂದು ಭೌತಶಾಸ್ತ್ರವು ಹೇಳುವುದಷ್ಟೆ. ಆದುದರಿಂದ ಸರಳ ರಚನೆಯ ಪೆಟ್ಟಿಗೆಯಲ್ಲಿ 230 ವೋಲ್ಟು 170ಕ್ಕೆ ಇಳಿದರೆ, ಅಂದರೆ ಕಾಲುಭಾಗದಷ್ಟು ಇಳಿದರೆ, ಶಕ್ತಿಯ ಸಂಗ್ರಹ ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುವುದು. ‘ಆ್ಯಕ್ಟಿವ್ ಪಿ.ಎಫ್.ಸಿ.’ ಎಂಬ ಮಂಡಲವುಳ್ಳ ಉತ್ತಮ ಪೆಟ್ಟಿಗೆಗಳು ಬಂದ ವೋಲ್ಟೇಜನ್ನು ಮೊದಲು 380ರ ಆಸುಪಾಸಿಗೆ ಏರಿಸಿ ಧಾರಕವನ್ನು ತುಂಬುತ್ತವೆ. ಹೊರಗೆ ಇಳಿತವಾದರೂ ಒಳಗಿನ ಸಂಗ್ರಹ ಕುಂದದು. ಚೀಟಿಯ ಮೇಲೆ 100–240 ವೋಲ್ಟ್ ಎಂದು ಬರೆದಿರುವುದು ಇದರ ಒಂದು ಗುರುತು.

ಪೂರ್ಣ ಹೊರೆಯಲ್ಲಿರುವಾಗ ಇಂತಹ ಪೆಟ್ಟಿಗೆಯು ಹೊರಗಿನ ವಿದ್ಯುತ್ತಿಲ್ಲದೆ ಸುಮಾರು 16 ಮಿಲಿಸೆಕೆಂಡು ಯಂತ್ರವನ್ನು ನಡೆಸಬೇಕೆಂಬುದು ರೂಢಿಯ ಮಾನಕ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಎಂಬುದನ್ನು ನೆನೆದರೆ ಇದೆಷ್ಟು ಸಣ್ಣ ಅವಧಿಯೆಂದು ತಿಳಿಯುವುದು. ಕಂಪ್ಯೂಟರಿಗಾಗಿಯೇ ಮಾಡಿದ ಯು.ಪಿ.ಎಸ್. ಸಾಮಾನ್ಯವಾಗಿ 10 ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗುವುದು. ಮನೆಯ ದೀಪಗಳಿಗೆಂದು ಇಟ್ಟ ಇನ್ವರ್ಟರು ಇದಕ್ಕಿಂತ ನಿಧಾನವಾಗಿರಬಹುದು. ಎಷ್ಟೋ ಇನ್ವರ್ಟರುಗಳಲ್ಲಿ ‘ಯು.ಪಿ.ಎಸ್.’ ಎಂದು ಬರೆದ ಒಂದು ಗುಂಡಿ ಇರುವುದು ಇದಕ್ಕಾಗಿಯೇ. ಅದನ್ನು ಒತ್ತಿದರೆ ಹೊಸ ಯು.ಪಿ.ಎಸ್.ನ ಖರ್ಚು ಉಳಿಯಬಹುದು.

ಮೂರನೆಯ ಪಿನ್ನಿನ ಮಾತೂ ಇಲ್ಲಿಯೇ ಬರುವುದು. ಕಂಪ್ಯೂಟರಿನ ಲೋಹದ ಪೆಟ್ಟಿಗೆಯನ್ನು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಕೈ ಜುಮ್ಮೆನ್ನುವುದನ್ನು ಕೆಲವರು ಕಂಡಿರಬಹುದು. ಎಸ್.ಎಂ.ಪಿ.ಎಸ್.ನ ಬಾಗಿಲಲ್ಲಿ ವಿದ್ಯುತ್ತಿನ ಎರಡೂ ತಂತಿಗಳಿಂದ ಪೆಟ್ಟಿಗೆಯ ಲೋಹಕ್ಕೆ ಒಂದೊಂದು ಚಿಕ್ಕ ಧಾರಕವನ್ನು ಜೋಡಿಸಿರುತ್ತಾರೆ. ಭೂಸಂಪರ್ಕ ಸರಿಯಾಗಿದ್ದರೆ ಅವುಗಳಲ್ಲಿ ಹರಿಯುವ ಅತ್ಯಲ್ಪ ಪ್ರವಾಹ ನೆಲಕ್ಕಿಳಿಯುವುದು. ಅದು ಇಲ್ಲದಿದ್ದರೆ ಲೋಹವು 230ರ ಅರ್ಧ, ಎಂದರೆ 115 ವೋಲ್ಟಿನ ಸುಮಾರಿಗೆ ತೂಗಾಡುವುದು. ಪ್ರವಾಹ ಬಲು ಕಡಿಮೆಯಾದುದರಿಂದ ಜುಮ್ಮೆನ್ನುವುದಷ್ಟೆ. ಆದರೆ ಒಳಗೆ ಬೇರೊಂದು ದೋಷವಾದ ದಿನ ಕಾಯುವವರಿಲ್ಲ. ಹಿತ್ತಲಿನ ಅರ್ತಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್ನಿಂದ ಪರೀಕ್ಷಿಸಿಸುವ ಖರ್ಚನ್ನೂ ಗಣಕದ ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕು.

ಹಳೆಯ ವಸ್ತುಗಳಲ್ಲಿ ಮಾನಿಟರ್, ಕ್ಯಾಬಿನೆಟ್, ಪ್ರೊಸೆಸರ್‌ಗಳನ್ನು ನೋಡಿ ಕೊಳ್ಳಬಹುದು, ಎಸ್.ಎಂ.ಪಿ.ಎಸ್. ಮಾತ್ರ ಬೇಡ. ಅದರ ಧಾರಕಗಳೊಳಗಿನ ದ್ರವವು ಕಾಲಕ್ರಮದಲ್ಲಿ ಒಣಗುವುದು. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧವಾಗುವುದೆಂಬುದು ಇಂಜಿನಿಯರುಗಳ ಸ್ಥೂಲ ನಿಯಮ. ಕಚೇರಿಗಳಿಂದ ಹೊರಬಿದ್ದ ಇಡೀ ಯಂತ್ರಗಳು ಅಗ್ಗವಾಗಿ ಸಿಕ್ಕುತ್ತವೆ; ಕೈಯಲ್ಲಿ ತೀರ ಕಡಿಮೆ ಹಣವಿದ್ದರೆ ಅವೂ ಕೆಟ್ಟ ಆಯ್ಕೆಯಲ್ಲ. ಆದರೆ ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ಲಿನ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಬೇಕು. ಅದಕ್ಕೂ ಹಳೆಯದಾದರೆ ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಹಾಕಿಕೊಳ್ಳಬಹುದು. ಕನ್ನಡ ಬರೆಯಲು ಅದರಲ್ಲಿ ಏನೂ ತೊಡಕಿಲ್ಲ, ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆ ಅದರೊಳಗೆ ಸಿದ್ಧವಾಗಿಯೇ ಇದೆ.

ಭಾಗಗಳನ್ನೆಲ್ಲ ತಂದಮೇಲೆ ಬಿಲ್ಲುಗಳನ್ನು ಜೋಪಾನವಾಗಿ ತೆಗೆದಿಡಬೇಕು. ಅವಿಲ್ಲದೆ ವಾರಂಟಿ ಕೇಳುವುದು ಕಷ್ಟ. ಜೋಡಣೆಯನ್ನು ಕ್ಯಾಬಿನೆಟ್ಟಿನೊಳಗೆ ಕೂಡಲೆ ಆರಂಭಿಸದೆ, ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರು, ಅದರ ಫ್ಯಾನು, ಒಂದು ರ್‍ಯಾಮ್ ಪಟ್ಟಿ, ಎಸ್.ಎಂ.ಪಿ.ಎಸ್. ಇಷ್ಟನ್ನೇ ಸೇರಿಸಿ ಚಾಲನೆ ಮಾಡಿ ನೋಡುವುದು ಒಳ್ಳೆಯದು. ಪರದೆ ಕಪ್ಪಾಗಿಯೇ ಉಳಿದರೆ ಗಾಬರಿಬೀಳಬೇಕಾಗಿಲ್ಲ. ವಿದ್ಯುತ್ತನ್ನು ಆರಿಸಿ, ರ್‍ಯಾಮ್ ಪಟ್ಟಿಯನ್ನು ಹೊರತೆಗೆದು, ತುದಿಯ ಹಿಡಿಕೆ ‘ಟಕ್’ ಎಂದು ಸದ್ದು ಮಾಡುವವರೆಗೆ ಮತ್ತೆ ಒತ್ತಬೇಕು. ಪ್ರೊಸೆಸರಿನ ಪಕ್ಕದಲ್ಲಿ ಸೇರಿಸಬೇಕಾದ 12 ವೋಲ್ಟಿನ ಬೇರೆ ತಂತಿಯನ್ನು ಮರೆತಿದ್ದೇವೆಯೇ ಎಂದು ನೋಡಬೇಕು. ಎಷ್ಟೋ ಸಲ ದೋಷವು ಈ ಎರಡರಲ್ಲಿಯೇ ಇರುವುದು. ಹುಬ್ಬಳ್ಳಿಯ ಬಸ್ಸು ಹತ್ತುವ ಮುನ್ನ ಇಷ್ಟನ್ನು ಮಾಡಿ ನೋಡಬಹುದು.