ಸೊಂಟದ ಮೇಲಿನ ಭಾರ

ಆತ್ಮರಕ್ಷಣೆಗೆಂದು ದೊಡ್ಡ ಪಿಸ್ತೂಲು ಧರಿಸಿ ನಡೆಯುವ ಅಮೆರಿಕದ ನಾಗರಿಕನನ್ನು ಮೊದಲು ಕಾಡುವವನು ಕಳ್ಳನಲ್ಲ, ಪಿಸ್ತೂಲಿನ ತೂಕ! ಜಾನ್ ಬ್ರೌನಿಂಗ್ ರೂಪಿಸಿ, 1911ರಲ್ಲಿ ಆ ದೇಶದ ಸೈನ್ಯ ಸ್ವೀಕರಿಸಿದ ಕೋಲ್ಟ್ ಪಿಸ್ತೂಲು ಉಕ್ಕಿನದು. ನಳಿಗೆಯ ಉದ್ದ 5 ಅಂಗುಲ. ತೂಕ, ಗುಂಡುಗಳಿಲ್ಲದೆಯೇ ಸುಮಾರು 1.1 ಕಿಲೋಗ್ರಾಂ. 1982ರಲ್ಲಿ ಆಸ್ಟ್ರಿಯದ ಸೈನ್ಯ ಆರಿಸಿಕೊಂಡ ಗ್ಲಾಕ್ 17ರ ಚೌಕಟ್ಟು ಪ್ಲಾಸ್ಟಿಕ್ಕಿನದಾದ್ದರಿಂದ ಅದು ಬಹಳ ಹಗುರ.

ದೊಡ್ಡ ಪಿಸ್ತೂಲು ಅಂಗೈ ತುಂಬ ನಿಲ್ಲುತ್ತದೆ. ಒದೆತ ಕಡಿಮೆ, ಗುರಿ ಸ್ಥಿರ. ಆದರೆ ಹಿಡಿ ಉದ್ದವಾದಷ್ಟೂ ಅಂಗಿಯಡಿ ಎದ್ದು ಕಾಣುತ್ತದೆ. ತೂಕವನ್ನು ಹಂಚಿ ಹೊರಲು ಗಟ್ಟಿಯಾದ ಸೊಂಟಪಟ್ಟಿ ಬೇಕು. ಅಪಘಾತ ತಪ್ಪಿಸಲು ಪಿಸ್ತೂಲಿನ ಕುದುರೆಯನ್ನು ಪೂರ್ತಿ ಮುಚ್ಚುವ ಬಿಗಿಯಾದ ಒರೆ ಬೇಕು.

ಇದು ಬರಿಯ ಸುಖದ ಮಾತಲ್ಲ. ಭಾರಕ್ಕೆ ಬೇಸತ್ತು ಮೇಜಿನ ಮೇಲೆ ಕಳಚಿಟ್ಟ ಪಿಸ್ತೂಲು ಮೊದಲು ಮಗುವಿನ ಕೈಗೇ ಸಿಗಬಹುದು. ಸೊಂಟದಿಂದ ಇಳಿದೊಡನೆ ಅದರ ಸ್ಥಾನ ಬೀಗವಿಕ್ಕಿದ ಪೆಟ್ಟಿಗೆ.