ಪಶ್ಚಿಮ ಹಿಮಾಲಯದಲ್ಲಿ ಟ್ರೌಟ್ ಮೀನುಗಾರಿಕಾ ಪ್ರವಾಸ

ಪಶ್ಚಿಮ ಹಿಮಾಲಯದ ಟ್ರೌಟ್ ಮೀನುಗಾರಿಕಾ ಪ್ರವಾಸವೆಂದರೆ ಹಿಮಾಚಲ ಪ್ರದೇಶ ಮತ್ತು ಕಾಶ್ಮೀರದ ತಣ್ಣೀರಿನ ನದಿಗಳಲ್ಲಿ ಫ್ಲೈ ಗಾಳದಿಂದ ಟ್ರೌಟ್ ಮೀನು ಹಿಡಿಯಲು ಕೈಗೊಳ್ಳುವ, ಸಾಮಾನ್ಯವಾಗಿ ನಾಲ್ಕಾರು ದಿನಗಳ ಪ್ರವಾಸ. ಹಿಮಾಚಲದ ತೀರ್ಥನ್, ಸೈಂಜ್ ಮತ್ತು ಊಹಲ್ ನದಿಗಳು, ಕಾಶ್ಮೀರದ ಲಿದ್ದರ್, ಸಿಂಧ್ ಮತ್ತು ಬ್ರಿಂಗಿ ನದಿಗಳು ಇದಕ್ಕೆ ಹೆಸರಾಗಿವೆ. (ಇಲ್ಲಿ ಹೇಳುವ ಸಿಂಧ್ ಸೋನಮಾರ್ಗದ ಮೂಲಕ ಹರಿದು ಝೇಲಂ ನದಿಯನ್ನು ಸೇರುವ ಉಪನದಿ, ಇದನ್ನು ಮಹಾನದಿಯಾದ ಸಿಂಧೂವೆಂದು ತಿಳಿಯಬಾರದು.) ಹಿಂದೆ ನೋಡಿರದ ನದಿಗೆ ಕೆಲವೇ ದಿನಗಳ ಮಟ್ಟಿಗೆ ಹೋಗುವವರ ಯಶಸ್ಸು ಕೈಚಳಕ ಅಥವಾ ಸಲಕರಣೆಗಿಂತ ಹೆಚ್ಚಾಗಿ ಆ ದಿನಗಳಲ್ಲಿ ನದಿಯ ನೀರು ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಅವಲಂಬಿಸಿದೆ.

ಫ್ಲೈ ಗಾಳದ ತತ್ತ್ವ

ಸಾಮಾನ್ಯ ಗಾಳದಲ್ಲಿ ಎರೆ ಅಥವಾ ಅದಕ್ಕೆ ಕಟ್ಟಿದ ಸೀಸದ ಗುಂಡಿನ ತೂಕವು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಇದು ತಿರುಗುಮುರುಗು. ಗರಿ, ಕೂದಲು ಮತ್ತು ನೂಲನ್ನು ಕೊಕ್ಕೆಗೆ ಸುತ್ತಿ ಮಾಡಿದ ಕೃತಕ ಕೀಟಕ್ಕೆ, ಅಂದರೆ ಫ್ಲೈಗೆ, ತೂಕವೇ ಇಲ್ಲವೆನ್ನಬಹುದು. ಆದ್ದರಿಂದ ದಪ್ಪನಾದ, ತೂಕವುಳ್ಳ ದಾರವನ್ನೇ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಲಾಗುತ್ತದೆ. ದಾರ ಬಿಚ್ಚಿಕೊಳ್ಳುತ್ತಾ ಹೋದಂತೆ ಅದರ ತುದಿಯ ಸಣ್ಣ ಎಳೆಯಲ್ಲಿರುವ ಫ್ಲೈ ನೀರಿನ ಮೇಲೆ ಮೆಲ್ಲನೆ ಇಳಿಯುತ್ತದೆ.

ಟ್ರೌಟ್ ಮೀನು ಹೆಚ್ಚಾಗಿ ನದಿಯ ಕೀಟಗಳನ್ನು ತಿಂದು ಬದುಕುತ್ತದೆ. ಮೇಫ್ಲೈ, ಕ್ಯಾಡಿಸ್ ಮತ್ತು ಸ್ಟೋನ್‌ಫ್ಲೈ ಎಂಬ ಕೀಟಗಳ ಮರಿಗಳು ನೀರಿನಡಿಯ ಕಲ್ಲುಗಳಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಹೊರಗೆ ಹಾರುತ್ತವೆ. ನೀರಿನ ಮೇಲೆ ತೇಲುವ ಫ್ಲೈ ರೆಕ್ಕೆ ಬಂದ ಕೀಟವನ್ನೂ, ಮುಳುಗುವ ನಿಂಫ್ ಮರಿಯನ್ನೂ ಅನುಕರಿಸುತ್ತದೆ. ದಿನದ ಬಹುಪಾಲು ಸಮಯ ಮೀನು ಆಹಾರ ಹುಡುಕುವುದು ನೀರಿನ ಅಡಿಯಲ್ಲಿಯೇ ಆದರೂ ಮೇಲೆದ್ದು ಬಂದು ತೇಲುವ ಫ್ಲೈಯನ್ನು ಕಚ್ಚುವ ದೃಶ್ಯದ ಆಕರ್ಷಣೆ ಬೇರೆಯೇ ಆಗಿದೆ.

ಇತಿಹಾಸ

ಟ್ರೌಟ್ ಭಾರತದ ಮೂಲನಿವಾಸಿ ಮೀನಲ್ಲ. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ನೀಲಗಿರಿಗೆ ಇದನ್ನು ತರಲು ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ಯುರೋಪಿನ ಕಂದು ಟ್ರೌಟ್ (ಸಾಲ್ಮೊ ಟ್ರುಟ್ಟಾ) ಕಾಶ್ಮೀರದಲ್ಲಿ ನೆಲೆಯೂರಿದ್ದು 1900ರ ಸುಮಾರಿಗೆ. ಅದಕ್ಕೂ ಮೊದಲು ಬಂದ ಮೊಟ್ಟೆಗಳ ತಂಡವು ದಾರಿಯಲ್ಲಿಯೇ ನಾಶವಾಗಿತ್ತು. ಕಾಶ್ಮೀರದಿಂದ 1909ರಲ್ಲಿ ಕುಲ್ಲು ಕಣಿವೆಗೆ ಮೊಟ್ಟೆಗಳನ್ನು ಒಯ್ಯಲಾಯಿತು. ಉತ್ತರ ಅಮೆರಿಕ ಮೂಲದ ಮಳೆಬಿಲ್ಲು ಟ್ರೌಟ್ (ಆಂಕೊರಿಂಕಸ್ ಮೈಕಿಸ್) ನೀಲಗಿರಿಯ ಅವಲಾಂಚಿಯಲ್ಲಿ ಎಚ್. ಸಿ. ವಿಲ್ಸನ್ ಅವರ ಪ್ರಯತ್ನದಿಂದ ಸುಮಾರು ಇದೇ ಕಾಲದಲ್ಲಿ ನೆಲೆನಿಂತಿತು.

ಭಾರತದ ಗಾಳದ ಮೀನುಗಾರಿಕೆಯ ಬಗ್ಗೆ ಇಂದಿಗೂ ನೆನೆಯಲಾಗುವ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥವು 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ಅದರ ಕರ್ತೃ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದವರು. ಕರ್ನಾಟಕದಲ್ಲಿ ಗಾಳದ ಕ್ರೀಡೆಯೆಂದರೆ ಕಾವೇರಿಯ ಮಹಶೀರ್, ಅಂದರೆ ಬಿಳಿಮೀನು. ಅದಕ್ಕೆ ಬಳಸುವ ಗಟ್ಟಿ ಕೋಲು, ದಪ್ಪ ದಾರ ಮತ್ತು ರಾಗಿ ಮುದ್ದೆಯ ಎರೆ ಯಾವುದೂ ಟ್ರೌಟ್ ನದಿಯಲ್ಲಿ ಉಪಯೋಗಕ್ಕೆ ಬಾರದು.

ನೀರಿನ ಮೂಲ ಮತ್ತು ಋತು

ಪ್ರವಾಸದ ಯೋಜನೆಯನ್ನು ಹೊಸಬರು ಸಾಮಾನ್ಯವಾಗಿ ತಲೆಕೆಳಗಾಗಿ ಆರಂಭಿಸುತ್ತಾರೆ: ಮೊದಲು ರಜೆ, ಅನಂತರ ವಿಮಾನದ ಟಿಕೆಟ್, ಕೊನೆಗೆ ನದಿ. ಮೇ ತಿಂಗಳ ಶಾಲಾ ರಜೆಯಲ್ಲಿ ಹಿಮಾಲಯಕ್ಕೆ ಹೋದವರು ಬೂದುಬಣ್ಣದ ಪ್ರವಾಹದ ಮುಂದೆ ಕೋಲು ಹಿಡಿದು ನಿಲ್ಲುವುದು ಇದರ ಪರಿಣಾಮ. ನದಿಯ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಅದು ಯಾವಾಗ ತಿಳಿಯಾಗಿರುತ್ತದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಈ ಪ್ರದೇಶದ ನದಿಗಳಿಗೆ ಹಿಮ, ಮಳೆ ಮತ್ತು ಬುಗ್ಗೆ ಎಂಬ ಮೂರು ಮೂಲಗಳಿವೆ. ಹಿಮ ಮತ್ತು ಹಿಮನದಿಯ ನೀರಿನಿಂದ ಹರಿಯುವ ನದಿಗಳು ಬೇಸಿಗೆ ಏರಿದಂತೆ ಉಬ್ಬುತ್ತವೆ. ಕೊಲಹೊಯಿ ಹಿಮನದಿಯಿಂದ ಮತ್ತು ಶೇಷನಾಗ್ ಕಡೆಯಿಂದ ಬರುವ ಎರಡು ಕವಲುಗಳು ಪಹಲ್ಗಾಮ್‌ನಲ್ಲಿ ಕೂಡಿ ಆಗುವ ಲಿದ್ದರ್ ಇದಕ್ಕೆ ಉದಾಹರಣೆ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಅದು ತುಂಬಿ ಕಲಕಿರುತ್ತದೆ. ಹಿಮದ ರಾಶಿ ತೀರುತ್ತಾ ಬಂದಂತೆ ಬೇಸಿಗೆಯ ಉತ್ತರಾರ್ಧದಲ್ಲಿ ತಿಳಿಯಾಗುತ್ತದೆ. ಪೀರ್ ಪಂಜಾಲ್ ಶ್ರೇಣಿಯು ಮುಂಗಾರನ್ನು ಬಹುಮಟ್ಟಿಗೆ ತಡೆಯುವುದರಿಂದ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಕಾಶ್ಮೀರ ಕಣಿವೆಯಲ್ಲಿ ಮೀನುಗಾರಿಕೆ ಸಾಧ್ಯವಾಗುತ್ತದೆ.

ಹಿಮಾಚಲದಲ್ಲಿ ಇದೇ ಎರಡು ತಿಂಗಳುಗಳು ಕೆಟ್ಟವು. ಮುಂಗಾರು ಅಲ್ಲಿ ಜೋರಾಗಿ ಅಪ್ಪಳಿಸುತ್ತದೆ. ಭೂಕುಸಿತದಿಂದ ನೀರು ಕಂದಾಗುವುದಷ್ಟೇ ಅಲ್ಲ, ರಸ್ತೆಗಳೇ ಇಲ್ಲವಾಗುತ್ತವೆ. 2023ರ ಜುಲೈ ತಿಂಗಳಿನಲ್ಲಿ ಬಿಯಾಸ್ ನದಿಯ ಪ್ರವಾಹವು ಕುಲ್ಲು ಮತ್ತು ಮಂಡಿ ಜಿಲ್ಲೆಗಳಲ್ಲಿ ಹೆದ್ದಾರಿ ಮತ್ತು ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಆದ್ದರಿಂದ ತೀರ್ಥನ್ ಕಣಿವೆಗೆ ಮಾರ್ಚ್ ಮತ್ತು ಏಪ್ರಿಲ್ ಒಂದು ಒಳ್ಳೆಯ ಅವಧಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನದು ಇನ್ನೊಂದು. ಮೊದಲ ಸಲ ಹೋಗುವವರಿಗೆ ಎರಡನೆಯದು ಹೆಚ್ಚು ಭರವಸೆಯದು: ಮಳೆ ನಿಂತಿರುತ್ತದೆ, ನೀರು ಇಳಿದು ಮಡುಗಳ ತಳ ಕಾಣುತ್ತಿರುತ್ತದೆ, ಚಳಿಗಾಲಕ್ಕೆ ಮೊದಲು ಮೀನುಗಳು ಚೆನ್ನಾಗಿ ತಿನ್ನುತ್ತಿರುತ್ತವೆ.

ಬುಗ್ಗೆಯ ನದಿಗಳು ಇವೆರಡಕ್ಕಿಂತ ಭಿನ್ನ. ಕೊಕರ್‌ನಾಗ್‌ನಲ್ಲಿ ಸುಣ್ಣಕಲ್ಲಿನ ಪದರಗಳಿಂದ ಚಿಮ್ಮುವ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಾಪಮಾನದಲ್ಲಿರುತ್ತದೆ. ಅಲ್ಲಿ ದೊಡ್ಡ ಟ್ರೌಟ್ ಮರಿ ಉತ್ಪಾದನಾ ಕೇಂದ್ರವಿರುವುದಕ್ಕೆ ಇದೇ ಕಾರಣ. ಆದರೆ ಸುಣ್ಣಕಲ್ಲು ಕೊಟ್ಟದ್ದನ್ನು ಕಿತ್ತುಕೊಳ್ಳಲೂ ಬಲ್ಲದು. 2022ರ ಫೆಬ್ರುವರಿಯಲ್ಲಿ ಕೊಕರ್‌ನಾಗ್ ಸಮೀಪ ಬ್ರಿಂಗಿಯ ಪಾತ್ರದಲ್ಲಿ ಗುಂಡಿಯೊಂದು ಬಾಯಿತೆರೆದು ನದಿಯನ್ನು ನುಂಗಿತು. ಅದರ ಕೆಳಗಿನ ಪಾತ್ರ ಒಣಗಿ ಟ್ರೌಟ್ ಮೀನುಗಳು ಸತ್ತವು.

ಒಂದೇ ದಿನದೊಳಗೂ ನೀರು ಏರಿಳಿಯುತ್ತದೆ. ಹಿಮ ಕರಗುವುದು ಮಧ್ಯಾಹ್ನದ ಬಿಸಿಲಿನಲ್ಲಿ. ಆ ನೀರು ಕಣಿವೆಯನ್ನು ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತದೆ. ಬೇಸಿಗೆಯಲ್ಲಿ ಇಂಥ ನದಿ ಬೆಳಗ್ಗೆ ಇಳಿದು ತಿಳಿಯಾಗಿದ್ದು, ಮಧ್ಯಾಹ್ನದ ಅನಂತರ ಕಲಕಿ ಏರುತ್ತದೆ. ಬೆಳಗ್ಗೆ ಸುಲಭವಾಗಿ ದಾಟಿದ ಜಾಗವನ್ನು ಸಂಜೆ ಮರಳಿ ದಾಟಲಾಗದಿರಬಹುದು.

ತಾಪಮಾನವೂ ನಿರ್ಣಾಯಕ. ನೀರು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಟ್ರೌಟ್ ಚುರುಕಾಗಿರುತ್ತದೆ. 5 ಡಿಗ್ರಿಗಿಂತ ಕೆಳಗೆ ಅದು ಮಂದವಾಗಿ ತಳ ಹಿಡಿಯುತ್ತದೆ. 20 ಡಿಗ್ರಿ ದಾಟಿದರೆ ಉಸಿರಾಟಕ್ಕೇ ಕಷ್ಟಪಡುತ್ತದೆ, ಏಕೆಂದರೆ ಬಿಸಿಯೇರಿದ ನೀರು ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 20 ಡಿಗ್ರಿಯಲ್ಲಿ ಸುಮಾರು 9. ಎತ್ತರದ ಪ್ರದೇಶಗಳಲ್ಲಿ ಇದು ಇನ್ನೂ ಕಡಿಮೆ. ದಾರಕ್ಕೆ ಕಟ್ಟಿದ ಅಗ್ಗದ ತಾಪಮಾಪಕವು ಅಪರಿಚಿತ ನದಿಯಲ್ಲಿ ದುಬಾರಿ ಕೋಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ದಿನಗಳ ಲೆಕ್ಕ

ಬೆಂಗಳೂರಿನಿಂದ ತೀರ್ಥನ್ ಕಣಿವೆಗೆ ಹೋಗುವವರು ದೆಹಲಿ ಅಥವಾ ಚಂಡೀಗಢದವರೆಗೆ ವಿಮಾನದಲ್ಲಿ, ಅಲ್ಲಿಂದ ಮನಾಲಿ ಹೆದ್ದಾರಿಯಲ್ಲಿ ಔಟ್ ಎಂಬ ಊರಿನವರೆಗೆ ಸಾಗಿ, ಲಾರ್ಜಿಯ ಮೂಲಕ ಬಂಜಾರ್ ಮತ್ತು ಗುಶೈನಿ ಕಡೆಗೆ ತಿರುಗುತ್ತಾರೆ. ಹೋಗಲು ಒಂದು ದಿನ, ಬರಲು ಒಂದು ದಿನ ಕಳೆದರೆ ಐದು ದಿನಗಳ ಪ್ರವಾಸದಲ್ಲಿ ಉಳಿಯುವುದು ಮೂರೇ ದಿನ. ಈ ಮೂರು ದಿನಗಳಲ್ಲಿ ಮೂರು ನದಿಗಳನ್ನು ನೋಡುವ ಆಸೆ ಸಹಜ. ಆದರೆ ಆಗ ಹೊತ್ತೆಲ್ಲ ಜೀಪಿನಲ್ಲಿಯೇ ಕಳೆಯುತ್ತದೆ. ಒಂದೇ ಊರಿನಲ್ಲಿ ತಂಗಿ, ಒಂದು ಮುಖ್ಯ ನದಿಯನ್ನೂ ಅದು ಕೆಟ್ಟರೆ ಹೋಗಲು ಹತ್ತಿರದ ಇನ್ನೊಂದು ನೀರನ್ನೂ ಆರಿಸಿಕೊಳ್ಳುವುದು ಮೇಲು. ಮುಖ್ಯ ನದಿ ಕಲಕಿದಾಗಲೂ ಕಾಡಿನಿಂದ ಇಳಿಯುವ ಉಪತೊರೆಗಳು ಹಲವು ಸಲ ತಿಳಿಯಾಗಿರುತ್ತವೆ.

ಹೊರಡುವ ಮೊದಲು ತಂಗುವ ಮನೆಯವರಿಗೆ ಕರೆ ಮಾಡಿ 'ಮೀನು ಸಿಗುತ್ತದೆಯೇ' ಎಂದು ಕೇಳಿದರೆ 'ಸಿಗುತ್ತದೆ, ಬನ್ನಿ' ಎಂಬ ಉತ್ತರವೇ ಬರುತ್ತದೆ. ನೀರಿನ ಬಣ್ಣ ಯಾವುದು, ಮೊಣಕಾಲುದ್ದದ ನೀರಿನಲ್ಲಿ ಕಲ್ಲು ಕಾಣುತ್ತದೆಯೇ, ಮೇಲಿನ ಬೆಟ್ಟದಲ್ಲಿ ಮಳೆ ಬಿದ್ದು ಎಷ್ಟು ದಿನವಾಯಿತು ಎಂಬ ಪ್ರಶ್ನೆಗಳಿಗೆ ಬರುವ ಉತ್ತರಗಳು ಉಪಯುಕ್ತ. ಹಾಲು ಬೆರೆಸಿದಂಥ ಬೂದುಬಣ್ಣವಾದರೆ ಹಿಮನದಿಯ ಪುಡಿ, ಕೆಂಗಂದು ಬಣ್ಣವಾದರೆ ಮಳೆಯ ಮಣ್ಣು. ತಿಳಿಹಸಿರು ಒಳ್ಳೆಯ ಸುದ್ದಿ.

ಪರವಾನಗಿ

ಎರಡೂ ಕಡೆ ಮೀನುಗಾರಿಕಾ ಇಲಾಖೆಯ ಪರವಾನಗಿ ಕಡ್ಡಾಯ. ಹಿಮಾಚಲದಲ್ಲಿ ಕಂದು ಟ್ರೌಟ್ ಮೊಟ್ಟೆಯಿಡುವ ಕಾಲವಾದ ನವೆಂಬರ್‌ನಿಂದ ಫೆಬ್ರುವರಿವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಕಾಶ್ಮೀರದಲ್ಲಿ ನದಿಯನ್ನು ಬೀಟ್ ಎಂಬ ಭಾಗಗಳಾಗಿ ವಿಂಗಡಿಸಿ ದಿನದ ಲೆಕ್ಕದಲ್ಲಿ ಹಂಚಲಾಗುತ್ತದೆ. ಒಳ್ಳೆಯ ಬೀಟ್ ಬೇಕಾದವರು ಮೊದಲೇ ಕಾದಿರಿಸಬೇಕು. ತೀರ್ಥನ್ ನದಿಯ ಮೇಲ್ಭಾಗವು ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿದ್ದು, ಅಲ್ಲಿ ಉದ್ಯಾನದ ನಿಯಮಗಳು ಅನ್ವಯಿಸುತ್ತವೆ.

ಸಲಕರಣೆ

ಎಂಟೂವರೆಯಿಂದ ಒಂಬತ್ತು ಅಡಿ ಉದ್ದದ, 4 ಅಥವಾ 5ನೇ ತೂಕದ ಕೋಲು, ತೇಲುವ ದಾರ, ಸುಮಾರು 0.15 ಮಿಲಿಮೀಟರ್ ವ್ಯಾಸದ ತುದಿ ಎಳೆ, 12ರಿಂದ 18ನೇ ಸಂಖ್ಯೆಯ ಕೊಕ್ಕೆಗಳು ಸಾಕು (ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು). ಫ್ಲೈಗಳಲ್ಲಿ ತೇಲುವ ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್, ಮುಳುಗುವ ಫೆಸೆಂಟ್ ಟೇಲ್, ಕಲಕಿದ ನೀರಿಗೆ ಕಪ್ಪು ವೂಲಿ ಬಗರ್ ಇದ್ದರೆ ಬಹುತೇಕ ಸಂದರ್ಭಗಳನ್ನು ನಿಭಾಯಿಸಬಹುದು. ನೂರು ಬಗೆಯ ಫ್ಲೈಗಳ ಪೆಟ್ಟಿಗೆ ಹೊತ್ತವರು ನೀರಿನ ಬದಲು ಪೆಟ್ಟಿಗೆಯನ್ನೇ ನೋಡುತ್ತಾ ಕೂರುವುದುಂಟು.

ಅಪರಿಚಿತ ನೀರನ್ನು ಓದುವುದು

ಟ್ರೌಟ್ ಮೀನಿಗೆ ಬೇಕಾದದ್ದು ಈಜುವ ಶ್ರಮ ಕಡಿಮೆಯಿರುವ, ಆಹಾರ ತೇಲಿಬರುವ ಮತ್ತು ಅಡಗಲು ಆಸರೆಯಿರುವ ಜಾಗ. ವೇಗದ ಸೆಳವೂ ನಿಧಾನದ ನೀರೂ ಸಂಧಿಸುವ ಗೆರೆ, ಬಂಡೆಯ ಹಿಂದಿನ ಮತ್ತು ಮುಂದಿನ ನೆರಳು, ಕೊರೆದ ದಡದ ಅಡಿ, ಮಡುವಿನ ಬಾಲ ಇಂಥ ಜಾಗಗಳು. ಹಿಮಾಲಯದ ನದಿಗಳು ಕಡಿದಾಗಿ ಇಳಿಯುವುದರಿಂದ ಬಂಡೆಗಳ ನಡುವಿನ ಸಣ್ಣ ಗುಂಡಿಗಳೇ ಮುಖ್ಯ. ಅಂಥ ಕಡೆ ದೂರಕ್ಕೆ ಬೀಸುವ ಅಗತ್ಯವಿಲ್ಲ. ಮೀನು ಸೆಳವಿಗೆ ಎದುರಾಗಿ ಮುಖಮಾಡಿ ನಿಲ್ಲುವುದರಿಂದ, ಕೆಳಗಿನಿಂದ ಮೇಲಕ್ಕೆ ಬಾಗಿ ನಡೆಯುತ್ತಾ ಐದಾರು ಮೀಟರ್ ಅಂತರದಿಂದ ಬೀಸಿದರೆ ಸಾಕು. ಮೊದಲ ದಿನ ಬೆಳಗ್ಗೆ ಅರ್ಧ ಗಂಟೆ ಕೋಲನ್ನು ಜೋಡಿಸದೆ ಎರಡು ಕಲ್ಲುಗಳನ್ನು ಮಗುಚಿ, ಅವುಗಳಡಿ ಯಾವ ಹುಳುಗಳಿವೆ, ಅವುಗಳ ಗಾತ್ರ ಮತ್ತು ಬಣ್ಣವೇನು ಎಂದು ನೋಡುವುದು ವ್ಯರ್ಥವಲ್ಲ.

ಸುರಕ್ಷತೆ

ತೀರ್ಥನ್ ಮತ್ತು ಸೈಂಜ್ ನದಿಗಳು ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುತ್ತವೆ. ಅಲ್ಲಿಯ ಅಣೆಕಟ್ಟಿನಿಂದ 2014ರ ಜೂನ್ 8ರ ಸಂಜೆ ನೀರು ಬಿಟ್ಟಾಗ, ಕೆಳಗಿನ ಥಲೌಟ್ ಎಂಬಲ್ಲಿ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ಮೀನು ಹಿಡಿಯಲು ಬಂದವರಲ್ಲ. ಆದರೆ ನಿಂತಿದ್ದ ಜಾಗ ಗಾಳದವರು ನಿಲ್ಲುವಂಥದ್ದೇ. ಅಣೆಕಟ್ಟಿನ ಕೆಳಗೆ ನದಿಯ ಏರಿಳಿತಕ್ಕೂ ಆಕಾಶದ ಸ್ಥಿತಿಗೂ ಸಂಬಂಧವಿರುವುದಿಲ್ಲ. ವಿದ್ಯುತ್ತಿನ ಬೇಡಿಕೆ ಕುಸಿದರೂ ನೀರು ಬಿಡಬಹುದು. ಸೈಂಜ್ ನದಿಗೂ ಅಣೆಕಟ್ಟು ಇದೆ. ಬರೋಟ್‌ನಲ್ಲಿ ಊಹಲ್ ನದಿಯ ನೀರನ್ನು ಶಾನನ್ ವಿದ್ಯುದಾಗಾರಕ್ಕೆ ತಿರುಗಿಸಲಾಗುತ್ತದೆ. ಆದ್ದರಿಂದ ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದದ್ದು ಮಡುಗಳನ್ನಲ್ಲ, ಅಣೆಕಟ್ಟುಗಳನ್ನು. ಸೈರನ್ ಕೇಳಿದರೆ, ತೇಲುವ ಕಸಕಡ್ಡಿ ಹೆಚ್ಚಿದರೆ ಅಥವಾ ನೀರು ಏಕಾಏಕಿ ಕಲಕಿದರೆ ಸಾಮಾನನ್ನು ಬಿಟ್ಟು ದಡ ಹತ್ತಬೇಕು. ನದಿಯ ನಡುಗಡ್ಡೆಗಳಲ್ಲಿ ನಿಲ್ಲಬಾರದು.

ಸ್ಥಳೀಯ ಮೀನುಗಳು ಮತ್ತು ಮರಳಿ ಬಿಡುವುದು

ಟ್ರೌಟ್ ಬರುವ ಮೊದಲಿನಿಂದಲೂ ಈ ನದಿಗಳಲ್ಲಿ ಇರುವುದು ಸ್ನೋ ಟ್ರೌಟ್ ಅಥವಾ ಅಸೇಲಾ. ಹೆಸರಿನಲ್ಲಿ ಟ್ರೌಟ್ ಇದ್ದರೂ ಅದು ಗೆಂಡೆ ಮೀನಿನ ಕುಟುಂಬಕ್ಕೆ ಸೇರಿದ್ದು, ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಕಂದು ಟ್ರೌಟ್ ಇದರ ಮರಿಗಳನ್ನು ತಿನ್ನುತ್ತದೆ, ಜಾಗಕ್ಕಾಗಿ ಸ್ಪರ್ಧಿಸುತ್ತದೆ. ಅಣೆಕಟ್ಟುಗಳು ಇದರ ವಲಸೆಯನ್ನು ತಡೆಯುತ್ತವೆ. ಆದ್ದರಿಂದ ಇಲ್ಲಿ ಟ್ರೌಟ್ ಸಂರಕ್ಷಣೆಯ ಮಾತು ಆಡುವಾಗ ಒಂದು ತೊಡಕಿದೆ: ಕಾಪಾಡಲಾಗುತ್ತಿರುವುದು ಹೊರಗಿನಿಂದ ಬಂದ ಮೀನು. ಆದರೂ ಅದರ ನೆಪದಲ್ಲಿ ಬರುವ ಪ್ರವಾಸಿಗರ ಆದಾಯವು ತಿಳಿನೀರನ್ನು ಉಳಿಸಿಕೊಳ್ಳಲು ಕಣಿವೆಯ ಜನರಿಗೆ ಕಾರಣವೊದಗಿಸಿದೆ ಎಂಬುದೂ ನಿಜ.

ಗಾಳಕ್ಕೆ ಅಸೇಲಾ ಸಿಕ್ಕರೆ ಮರಳಿ ಬಿಡುವುದು ಉಚಿತ. ಬಿಡಬೇಕೆಂದಿರುವ ಯಾವ ಮೀನನ್ನೂ ಒಣಗೈಯಲ್ಲಿ ಮುಟ್ಟಬಾರದು. ಮೈಮೇಲಿನ ಲೋಳೆ ಹೋದರೆ ಚರ್ಮಕ್ಕೆ ಸೋಂಕು ತಗಲುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿಕೊಂಡಿದ್ದರೆ ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಬಹುದು. ಅನಂತರ ಅದರ ಮುಖವನ್ನು ಸೆಳವಿನ ಕಡೆಗೆ ಹಿಡಿದು, ತಾನಾಗಿಯೇ ಈಜಿಹೋಗುವವರೆಗೆ ಆಧಾರ ಕೊಡಲಾಗುತ್ತದೆ. ಒಂದು ನದಿಯ ರೋಗಾಣು ಮತ್ತು ಪಾಚಿ ಇನ್ನೊಂದಕ್ಕೆ ಹೋಗದಂತೆ ಬೂಟು ಮತ್ತು ಬಲೆಯನ್ನು ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನ ನೀರಿಗೆ ಇಳಿಸಬೇಕು. ಹಿಮಾಲಯದಿಂದ ಮರಳಿ ಅದೇ ಸಲಕರಣೆಯೊಡನೆ ನೀಲಗಿರಿಗೋ ಕಾವೇರಿಗೋ ಹೋಗುವವರಿಗೂ ಇದು ಅನ್ವಯಿಸುತ್ತದೆ.