ಪತ್ರಿಕಾ ಪ್ರಕಟಣೆ: ಸಣ್ಣ ಉದ್ಯಮಿಯ ದೊಡ್ಡ ಸಾಧನ

ಬಸವಕಲ್ಯಾಣಕ್ಕೆ ಸಮೀಪದ ನಾರಾಯಣಪುರದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಆ ಕಾಲದ ವರ್ತಕರು ತಮ್ಮ ವ್ಯವಹಾರದ ಮಹತ್ವದ ಸಂಗತಿಗಳನ್ನು ಕಲ್ಲಿನ ಮೇಲೆ ಬರೆಯಿಸುತ್ತಿದ್ದರು. ಅಯ್ಯಾವೊಳೆ ಐನೂರ್ವರಂತಹ ವರ್ತಕ ಸಂಘಗಳು ಯಾವ ದಿನ, ಯಾವ ದೇವಾಲಯಕ್ಕೆ, ಯಾವ ಸರಕಿನ ಮೇಲಿನ ಸುಂಕದಲ್ಲಿ ಎಷ್ಟು ಪಾಲನ್ನು ದತ್ತಿಯಾಗಿ ಬಿಟ್ಟವೆಂಬುದು ಶಾಸನಗಳಲ್ಲಿ ದಾಖಲಾಗಿದೆ. ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಿದ ಅಧಿಕೃತ ಹೇಳಿಕೆ ಎಂಬ ಅರ್ಥದಲ್ಲಿ ಅವು ಅಂದಿನ ಪತ್ರಿಕಾ ಪ್ರಕಟಣೆಗಳೇ ಸರಿ.

ಆದರೆ ಒಂದು ವ್ಯತ್ಯಾಸವುಂಟು. ಶಾಸನದಲ್ಲಿ ಮೊದಲು ಪ್ರಶಸ್ತಿ, ಅಂದರೆ ಬಿರುದು ಬಾವಲಿಗಳ ವರ್ಣನೆ. ವಿಷಯ ಬರುವುದು ಅನಂತರ. ಇಂದಿನ ಪತ್ರಿಕೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ ಕ್ರಮ. ಸಣ್ಣ ಉದ್ಯಮಿಗಳು ಕಳುಹಿಸುವ ಹೇಳಿಕೆಗಳಲ್ಲಿ ಅನೇಕವು ಸುದ್ದಿಮನೆಯ ಕಸದ ಬುಟ್ಟಿ ಸೇರಲು ಮುಖ್ಯ ಕಾರಣ, ಅವು ಇನ್ನೂ ಶಾಸನದ ಕ್ರಮದಲ್ಲೇ ಇರುವುದು.

ಜಾಹೀರಾತು ಬೇರೆ, ಸುದ್ದಿ ಬೇರೆ

ಜಾಹೀರಾತಿನ ಸ್ಥಳಕ್ಕೆ ಹಣ ಕೊಡಬೇಕು. ಮುದ್ರಣ ಮಾಧ್ಯಮದ ಜಾಹೀರಾತಿಗೆ ಶೇ. 5ರಷ್ಟು ಜಿ.ಎಸ್.ಟಿ. ಸೇರುತ್ತದೆ. ಅಲ್ಲಿ ಏನು ಬರೆಯಬೇಕೆಂಬುದನ್ನು ಹಣ ಕೊಟ್ಟವರೇ ನಿರ್ಧರಿಸುತ್ತಾರೆ. ಪತ್ರಿಕಾ ಪ್ರಕಟಣೆಗೆ ಹಣವಿಲ್ಲ. ಪ್ರಕಟಿಸುವುದು, ಬಿಡುವುದು, ಕತ್ತರಿಸುವುದು ಸಂಪಾದಕರ ವಿವೇಚನೆಗೆ ಸೇರಿದ್ದು. ಈ ಕಾರಣದಿಂದಲೇ ಓದುಗರು ಜಾಹೀರಾತಿಗಿಂತ ಸುದ್ದಿಯನ್ನು ಹೆಚ್ಚು ನಂಬುತ್ತಾರೆ. ಪ್ರಕಟಣೆಯ ಜೊತೆಗೆ ಲಕೋಟೆಯಲ್ಲಿ ಹಣವಿಟ್ಟು ಕೊಡುವ ಅಭ್ಯಾಸ ಈ ನಂಬಿಕೆಯ ಬುಡಕ್ಕೇ ಕೊಡಲಿ ಹಾಕುತ್ತದೆ. ಕಾಸಿಗಾಗಿ ಸುದ್ದಿಯ ಪಿಡುಗಿನ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯು 2010ರಲ್ಲಿಯೇ ವರದಿ ನೀಡಿದೆ. ಅಂತಹ ವೆಚ್ಚವನ್ನು ಲೆಕ್ಕಪುಸ್ತಕದಲ್ಲಿ ತೋರಿಸಲು ಸರಿಯಾದ ಶೀರ್ಷಿಕೆಯೂ ಸಿಗುವುದಿಲ್ಲವೆಂಬುದನ್ನು ವ್ಯಾಪಾರಸ್ಥರು ಮರೆಯಬಾರದು.

ಯಾವುದು ಸುದ್ದಿ?

'ನಮ್ಮಲ್ಲಿ ಉತ್ತಮ ಗುಣಮಟ್ಟದ ಸರಕು ಯೋಗ್ಯ ದರದಲ್ಲಿ ದೊರೆಯುತ್ತದೆ' ಎಂಬುದು ಸುದ್ದಿಯಲ್ಲ. ಹೊಸ ಘಟಕದ ಆರಂಭ, ಹೊಸ ಉದ್ಯೋಗಗಳು, ರೈತರಿಗೆ ಹಣ ಪಾವತಿಯ ಹೊಸ ವ್ಯವಸ್ಥೆ, ಹೊರರಾಜ್ಯಕ್ಕೆ ಮೊದಲ ರವಾನೆ, ಪ್ರಶಸ್ತಿ, ತರಬೇತಿ ಶಿಬಿರ, ದರದಲ್ಲಿ ಗಮನಾರ್ಹ ಬದಲಾವಣೆ, ಇವು ಸುದ್ದಿ. ಸಂಸ್ಥೆಯ ಹೊರಗಿನವರಿಗೆ ಇದರಿಂದ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವಿದ್ದರೆ ಅದು ಸುದ್ದಿ.

ಬೀದರ್ ಜಿಲ್ಲೆಯಲ್ಲಿಯೇ ಇದಕ್ಕೆ ಉತ್ತಮ ನಿದರ್ಶನವಿದೆ. ಬಿದರಿ ಪಾತ್ರೆಗಳು ಅಂಗಡಿಗಳಲ್ಲಿ ಪ್ರತಿದಿನವೂ ಮಾರಾಟವಾಗುತ್ತವೆ. ಅದು ಪತ್ರಿಕೆಗಳಿಗೆ ವಿಷಯವಲ್ಲ. ಆದರೆ ಬಿದರಿ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಸತು ಮತ್ತು ತಾಮ್ರದ ಮಿಶ್ರಲೋಹ, ಬೆಳ್ಳಿಯ ಕುಸುರಿ, ಕಪ್ಪು ಬಣ್ಣ ತರಿಸುವ ಬೀದರ್ ಕೋಟೆಯ ಮಣ್ಣು, ಈ ವಿವರಗಳು ಓದುಗರನ್ನು ಹಿಡಿದು ನಿಲ್ಲಿಸಿದವು. ಪ್ರತಿಯೊಂದು ಕಸುಬಿನಲ್ಲಿಯೂ ಇಂತಹ ಕೋಟೆಯ ಮಣ್ಣು ಒಂದಾದರೂ ಇರುತ್ತದೆ. ಅದನ್ನು ಗುರುತಿಸುವುದು ಪ್ರಕಟಣೆ ಬರೆಯುವವರ ಮೊದಲ ಕೆಲಸ.

ರಚನೆಯ ಕ್ರಮ

ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಮೊದಲ ಎರಡು ಪ್ಯಾರಾಗಳಲ್ಲಿಯೇ ಉತ್ತರ ದೊರೆಯಬೇಕು. ಸ್ಥಳ ಕಡಿಮೆಯಾದಾಗ ಉಪಸಂಪಾದಕರು ಸಾಮಾನ್ಯವಾಗಿ ಕೆಳಗಿನಿಂದ ಕತ್ತರಿಸುತ್ತಾ ಬರುತ್ತಾರೆ. ಆದ್ದರಿಂದ ಮುಖ್ಯವಾದದ್ದು ಮೇಲಿರಬೇಕು.

ಉದಾಹರಣೆಗಾಗಿ ನಾರಾಯಣಪುರದಲ್ಲಿ ಬೇಳೆ ಗಿರಣಿಯೊಂದು ಆರಂಭವಾಗಲಿದೆ ಎಂದು ಭಾವಿಸಬಹುದು. ಸಾಮಾನ್ಯವಾಗಿ ಹೇಳಿಕೆ ಆರಂಭವಾಗುವುದು ಹೀಗೆ: 'ಗ್ರಾಹಕರೇ ದೇವರು ಎಂಬ ಧ್ಯೇಯದೊಂದಿಗೆ, ಹಿರಿಯರ ಆಶೀರ್ವಾದದಿಂದ, ಸುಪ್ರಸಿದ್ಧ ವರ್ತಕ ಮನೆತನದವರು...' ಇಷ್ಟು ಓದಿದರೂ ಏನಾಯಿತೆಂಬುದು ತಿಳಿಯುವುದಿಲ್ಲ. ಇದೇ ವಿಷಯವನ್ನು ಹೀಗೆ ಬರೆಯಬಹುದು:

'ಬಸವಕಲ್ಯಾಣ, ಜ. 12: ತಾಲ್ಲೂಕಿನ ನಾರಾಯಣಪುರದಲ್ಲಿ ದಿನಕ್ಕೆ 10 ಟನ್ ತೊಗರಿ ಸಂಸ್ಕರಿಸುವ ಬೇಳೆ ಗಿರಣಿ ಸೋಮವಾರ ಕಾರ್ಯಾರಂಭ ಮಾಡಲಿದೆ. 14 ಮಂದಿಗೆ ಉದ್ಯೋಗ ದೊರೆಯಲಿದ್ದು, ಖರೀದಿಸಿದ ತೊಗರಿಯ ಹಣವನ್ನು 3 ದಿನಗಳೊಳಗೆ ರೈತರ ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುವುದು ಎಂದು ಮಾಲೀಕರು ತಿಳಿಸಿದ್ದಾರೆ.'

ಎರಡೇ ವಾಕ್ಯಗಳಲ್ಲಿ ರೈತರಿಗೂ, ಕೆಲಸ ಹುಡುಕುವವರಿಗೂ, ದಲ್ಲಾಳಿಗಳಿಗೂ ಬೇಕಾದ ಮಾಹಿತಿ ಬಂದಿತು. ಅನಂತರದ ಪ್ಯಾರಾದಲ್ಲಿ ಮಾಲೀಕರ ಒಂದು ಮಾತು, ಕೊನೆಯಲ್ಲಿ ಸಂಸ್ಥೆಯ ಕಿರುಪರಿಚಯ, ಸಂಪರ್ಕಿಸಬೇಕಾದವರ ಹೆಸರು ಹಾಗೂ ದೂರವಾಣಿ ಸಂಖ್ಯೆ ಇದ್ದರೆ ಸಾಕು. ಇಡೀ ಪ್ರಕಟಣೆ ಒಂದು ಪುಟವನ್ನು ಮೀರಬಾರದು.

ಕಳುಹಿಸುವ ವಿಧಾನಕ್ಕೂ ಮಹತ್ವವಿದೆ. ಲೆಟರ್‌ಹೆಡ್ಡಿನ ಮೇಲೆ ಸಹಿ, ಮೊಹರು ಇರುವ ಪ್ರತಿಯ ಜೊತೆಗೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನೂ ಇ-ಮೇಲ್ ಮಾಡಬೇಕು. ಸ್ಕ್ಯಾನ್ ಮಾಡಿದ ಚಿತ್ರವನ್ನಷ್ಟೇ ಕಳುಹಿಸಿದರೆ ಸುದ್ದಿಮನೆಯಲ್ಲಿ ಮತ್ತೆ ಟೈಪ್ ಮಾಡಬೇಕಾಗುತ್ತದೆ. ಕೆಲಸದ ಒತ್ತಡದಲ್ಲಿ ಅದು ಹಿಂದೆ ಬೀಳುತ್ತದೆ. ಛಾಯಾಚಿತ್ರವಿದ್ದರೆ ಅದರಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದು ಕಳುಹಿಸಬೇಕು. ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಯಲ್ಲಿರುವ ಈ ಭಾಗದ ಸರಕು ಲಾತೂರು, ಸೊಲ್ಲಾಪುರ, ಹೈದರಾಬಾದ್‌ಗಳಿಗೂ ಹೋಗುವುದರಿಂದ, ಕನ್ನಡದ ಪ್ರಕಟಣೆಯ ಜೊತೆಗೆ ಮರಾಠಿ ಮತ್ತು ಉರ್ದು ಪ್ರತಿಗಳನ್ನೂ ಸಿದ್ಧಪಡಿಸುವುದು ಲಾಭದಾಯಕ.

ಅಂಕಿಗಳ ಎಚ್ಚರ

ಪ್ರಕಟಣೆಯಲ್ಲಿ ಅತಿ ಹೆಚ್ಚು ಅಪಾಯ ಅಡಗಿರುವುದು ಅಂಕಿಗಳಲ್ಲಿ. ಸ್ಥಾಪಿತ ಸಾಮರ್ಥ್ಯ ಬೇರೆ, ವಾಸ್ತವ ಉತ್ಪಾದನೆ ಬೇರೆ. ವಹಿವಾಟು ಬೇರೆ, ಲಾಭ ಬೇರೆ. ಜಿ.ಎಸ್.ಟಿ. ರಿಟರ್ನಿನಲ್ಲಿ 2 ಕೋಟಿ ರೂ. ವಹಿವಾಟು ತೋರಿಸಿದವರು ಪತ್ರಿಕೆಯಲ್ಲಿ 5 ಕೋಟಿ ರೂ. ಎಂದು ಹೇಳಿಕೊಂಡರೆ, ಆ ತುಣುಕನ್ನು ಓದುವವರಲ್ಲಿ ಗ್ರಾಹಕರಷ್ಟೇ ಇರುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನ ವ್ಯವಸ್ಥಾಪಕರೂ, ತೆರಿಗೆ ಅಧಿಕಾರಿಗಳೂ ಪತ್ರಿಕೆ ಓದುತ್ತಾರೆ. ಪ್ರತಿಷ್ಠೆಗಾಗಿ ಸೇರಿಸಿದ ಒಂದು ಅಂಕಿ ಮುಂದೆ ನೋಟಿಸಿಗೆ ಉತ್ತರಿಸುವ ಸ್ಥಿತಿಯನ್ನು ತರಬಹುದು.

'ಸಣ್ಣ ಉದ್ಯಮ' ಎಂಬ ಪದಕ್ಕೂ ಕಾನೂನಿನ ಅರ್ಥವಿದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಿತಿಗಳಂತೆ, ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ರೂ. ಮತ್ತು ವಹಿವಾಟು 10 ಕೋಟಿ ರೂ. ಮೀರದಿದ್ದರೆ ಅದು ಸೂಕ್ಷ್ಮ ಉದ್ಯಮ. ಹೂಡಿಕೆ 25 ಕೋಟಿ ರೂ. ಮತ್ತು ವಹಿವಾಟು 100 ಕೋಟಿ ರೂ.ವರೆಗೆ ಸಣ್ಣ ಉದ್ಯಮ. ಉದ್ಯಮ್ ನೋಂದಣಿಯಲ್ಲಿರುವ ವರ್ಗವನ್ನೇ ಪ್ರಕಟಣೆಯಲ್ಲಿಯೂ ಬಳಸಬೇಕು.

ಗುಣವಿಶೇಷಣಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಜಾಹೀರಾತು ಎಂಬ ಪದದ ವ್ಯಾಖ್ಯೆ ಬಹಳ ವಿಶಾಲವಾಗಿದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. 2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಹೆಸರಿನ ಮೇಲೆ ಹಕ್ಕು ಸಾಧಿಸುವಂತಿಲ್ಲ.

ಸಂಕಟದ ದಿನ

ಪತ್ರಿಕಾ ಪ್ರಕಟಣೆಯ ನಿಜವಾದ ಬೆಲೆ ತಿಳಿಯುವುದು ಉದ್ಘಾಟನೆಯ ದಿನವಲ್ಲ, ಸಂಕಟದ ದಿನ. 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಯ ರೈಲೊಂದು ಸೇತುವೆಯಿಂದ ನೀರಿಗೆ ಉರುಳಿ 50ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅಪಘಾತವನ್ನು ಮುಚ್ಚಿಡುವುದೇ ಅಂದಿನ ರೈಲ್ವೆ ಕಂಪನಿಗಳ ರೂಢಿಯಾಗಿತ್ತು. ಆದರೆ ಕಂಪನಿಯ ಪ್ರಚಾರ ಸಲಹೆಗಾರ ಐವಿ ಲೀ ತಿಳಿದ ಸಂಗತಿಗಳನ್ನೆಲ್ಲ ಬರೆದು ಪತ್ರಿಕೆಗಳಿಗೆ ತಾವೇ ಹಂಚಿದರು. 'ನ್ಯೂಯಾರ್ಕ್ ಟೈಮ್ಸ್' ಅದನ್ನು ಯಥಾವತ್ತಾಗಿ ಪ್ರಕಟಿಸಿತು. ಆಧುನಿಕ ಪತ್ರಿಕಾ ಪ್ರಕಟಣೆಯ ಆರಂಭವೆಂದು ಈ ಘಟನೆಯನ್ನು ಗುರುತಿಸಲಾಗುತ್ತದೆ.

ಈ ಪಾಠ ಇಂದು ತಾಲ್ಲೂಕು ಮಟ್ಟದ ಗಿರಣಿಗೂ ಅನ್ವಯಿಸುತ್ತದೆ. ತೊಗರಿ ಬೇಳೆಗೆ ಕೇಸರಿ ಬೇಳೆ ಬೆರೆಸಿದ್ದಾರೆಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹೊರಟರೆ, ಸಂಜೆಯೊಳಗೆ ಹುಮನಾಬಾದಿನ ಕಿರಾಣಿ ಅಂಗಡಿಗಳು ಸರಕು ಹಿಂದಿರುಗಿಸತೊಡಗಬಹುದು. ಆಗ 'ಇದು ವಿರೋಧಿಗಳ ಪಿತೂರಿ' ಎಂಬ ಹೇಳಿಕೆಯಿಂದ ಉಪಯೋಗವಿಲ್ಲ. ಯಾವ ಬ್ಯಾಚಿನ ಸರಕಿನ ಬಗ್ಗೆ ದೂರು ಬಂದಿದೆ, ಅದರ ಮಾರಾಟ ನಿಲ್ಲಿಸಲಾಗಿದೆಯೇ, ಮಾದರಿಯನ್ನು ಯಾವ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆ, ವರದಿ ಎಂದು ಬರಲಿದೆ, ಗ್ರಾಹಕರು ಯಾರನ್ನು ಸಂಪರ್ಕಿಸಬೇಕು ಎಂಬ ಐದು ಸಂಗತಿಗಳನ್ನು ಅದೇ ದಿನ ತಿಳಿಸಬೇಕು. ವರದಿ ಬಂದ ಮೇಲೆ, ಅದು ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಎರಡನೆಯ ಪ್ರಕಟಣೆ ಹೊರಡಬೇಕು. ದೋಷ ಕಂಡುಬಂದಿದ್ದರೆ ಒಪ್ಪಿಕೊಂಡು ಸರಕು ಹಿಂಪಡೆಯುವುದರಿಂದ ಆಗುವ ನಷ್ಟ ಒಂದು ಬ್ಯಾಚಿನದು. ಮುಚ್ಚಿಟ್ಟರೆ ಆಗುವ ನಷ್ಟ ಇಡೀ ಹೆಸರಿನದು. ಲೆಕ್ಕಪತ್ರದಲ್ಲಿ ಸದ್ಭಾವನಾ ಮೌಲ್ಯವೆಂದು ಕರೆಯುವ ಆಸ್ತಿಗೆ ಸುಲಭವಾಗಿ ವಿಮೆ ಮಾಡಿಸಲು ಬರುವುದಿಲ್ಲ.

ಇಂತಹ ದಿನ ಸಂಸ್ಥೆಯ ಮಾತಿಗೆ ಪತ್ರಿಕೆಗಳು ಕಿವಿಗೊಡಬೇಕಾದರೆ, ಹಿಂದಿನ ಪ್ರಕಟಣೆಗಳೆಲ್ಲ ನಿಜವೆಂದು ಸಾಬೀತಾಗಿರಬೇಕು. ಆದ್ದರಿಂದ ವರ್ಷದಲ್ಲಿ ಎರಡು ಮೂರು ಬಾರಿಯಾದರೂ, ನಿಜವಾದ ಸುದ್ದಿ ಇದ್ದಾಗ ಮಾತ್ರ, ಸರಿಯಾದ ಅಂಕಿಗಳೊಡನೆ ಪ್ರಕಟಣೆ ನೀಡುವ ರೂಢಿಯನ್ನು ಸಣ್ಣ ಉದ್ಯಮಿಗಳು ಬೆಳೆಸಿಕೊಳ್ಳುವುದು ಒಳಿತು. ಪ್ರತಿ ಪ್ರಕಟಣೆಯ ಪ್ರತಿಯನ್ನೂ, ಅಚ್ಚಾದ ಪತ್ರಿಕೆಯ ತುಣುಕನ್ನೂ ದಿನಾಂಕ ಸಹಿತ ಒಂದು ಕಡತದಲ್ಲಿ ಇಡಬೇಕು. ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕುವಾಗ, ಹೊಸ ಖರೀದಿದಾರರೊಡನೆ ಮಾತುಕತೆ ನಡೆಸುವಾಗ ಆ ಕಡತ ನೆರವಿಗೆ ಬರುತ್ತದೆ. ಮುಂದಿನ ತೊಗರಿ ಸುಗ್ಗಿಗೆ ಮೊದಲ ಪ್ರಕಟಣೆಯನ್ನು ಸಿದ್ಧಪಡಿಸಲು ಈಗಲೇ ತೊಡಗಿದರೆ ಸಕಾಲವೆನ್ನಬಹುದು.